ಅಪ್‌ಡೇಟ್: ಅಪ್ಪನ ಜೊತೆ ಪಿಬಿಎಸ್ ಸಂಜೆಗೆ ಹೋಗಿ ಬಂದೆ

ಹೋದ ವಾರ ಕೇಳಿದ್ದೆನಲ್ಲ, ಕಿವಿಗೆ ಮಷಿನ್ ಹಾಕಿಕೊಳ್ಳುವ 78ರ ಅಪ್ಪನನ್ನು, ಸಿನಿಮಾಗಳಲ್ಲಿ ರಾಜ್‌ಕುಮಾರ್‌ಗೆ ಹಾಡುತ್ತಿದ್ದ ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ (ಪಿಬಿಎಸ್) ನೆನಪಿನ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಬಹುದಾ ಅಂತ. ಹೋಗಿ ಬಂದೆವು. ಸ್ಪೀಕರ್‌ನಿಂದ ದೂರ, ಓಡಾಡುವ ದಾರಿ ಪಕ್ಕದ ಸೀಟು ಹಿಡಿಯಿರಿ ಅಂದವರಿಗೆ ಥ್ಯಾಂಕ್ಸ್.

ಮೊದಲ ಅರ್ಧ ಗಂಟೆ ಬೇಜಾರಾಯಿತು. ಪಿಬಿಎಸ್ ಅಂದರೆ ತಗ್ಗಿನಲ್ಲಿ ಹರಿಯುವ ಮೆತ್ತನೆ ದನಿ, ಅಲ್ವಾ? ಇಲ್ಲಿ ಕೀಬೋರ್ಡ್ ಗಾಯಕರ ದನಿಯನ್ನೇ ನುಂಗಿಹಾಕಿತ್ತು. ಅಪ್ಪ ಸುಮ್ನೆ ಮಷಿನ್ ತಿರುಗಿಸುತ್ತಾ ಕೂತಿದ್ದರು. ಯಾರೋ ಹೋಗಿ ಹೇಳಿದ ಮೇಲೆ ಸೌಂಡ್ ಇಳಿಸಿದರು. ಆಗ ಬಂತು ನೋಡಿ, 1973ರ ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ ಕನ್ನಡ ನುಡಿ’. ಅಪ್ಪನ ತುಟಿ ಅಲ್ಲಾಡತೊಡಗಿತು. ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಲ್ಲಿ ತಾಳ. ಒಂದು ಸಾಲೂ ತಪ್ಪಲಿಲ್ಲ!

ವೇದಿಕೆ ಮೇಲಿನ ಫೋಟೋದಲ್ಲಿ ಪಿಬಿಎಸ್ ಜೇಬಿನ ತುಂಬ ಪೆನ್ನು, ಅವರು ಇದ್ದಿದ್ದೇ ಹಾಗೆ. ಅಪ್ಪ ಅದನ್ನು ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿಸಿಕೊಂಡರು.

ವಾಪಸ್ ಬರುವಾಗ ಆಟೋದಲ್ಲಿ ಹೇಳಿದರು: "ಚಿಕ್ಕವನಿದ್ದಾಗ ಅಣ್ಣಾವ್ರೇ ಹಾಡೋದು ಅಂದ್ಕೊಂಡಿದ್ದೆ ಕಣೋ. ಬೇರೆಯವರ ದನಿ ಅಂತ ಗೊತ್ತಾದಾಗ ಎರಡು ದಿನ ಸಿಟ್ಟು."