4,000 ರೂಪಾಯಿಗೆ ಮೊದಲ ರಾಡು-ರೀಲು: ಅಂಗಡಿಯೋ, ದಸರಾ ವಸ್ತುಪ್ರದರ್ಶನವೋ, ಆನ್‌ಲೈನೋ?

ಕೆರೆಏರಿ_ಮಂಡ್ಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೈಯಲ್ಲಿರೋದು ಬಿದಿರು ಕಡ್ಡಿ, ತಂಗೂಸಿ ದಾರ, ಜೋಳದ ದಂಟಿನ ಬೆಂಡು. ಈಗ ದಡದಿಂದ ದೂರ ಎಸೆಯೋ ರಾಡು-ರೀಲು ಬೇಕು. ಮಂಡ್ಯ ಸುತ್ತಿನ ಕೆರೆಗಳಿಗೆ, ರೋಹು, ಗೆಂಡೆ, ಜಿಲೇಬಿ (ತಿಲಾಪಿಯಾ) ಹಿಡಿಯೋಕೆ. ಬಜೆಟ್ ಎಲ್ಲಾ ಸೇರಿ 4,000.

ಮೂರು ದಾರಿ ಕಾಣ್ತಿದೆ. ಮೈಸೂರಿಗೆ ಹೋಗಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ತಗೊಳ್ಳೋದು. ಇಲ್ಲಾ, ದಸರಾ ವಸ್ತುಪ್ರದರ್ಶನ ಮುಗಿಯೋ ಹೊತ್ತಿಗೆ ಹೋಗಿ ಚೌಕಾಸಿ ಮಾಡೋದು. ಮೂರನೇದು ಆನ್‌ಲೈನ್: 'ಐಸ್ ಫಿಶಿಂಗ್ ಕಾಂಬೊ' ಅಂತ ರಾಡು, ರೀಲು, ದಾರ, ಗಾಳ ಎಲ್ಲಾ ಸೇರಿ 900ಕ್ಕೆ ಇದೆ. ಫೋಟೋದಲ್ಲಿ ಚೆನ್ನಾಗಿದೆ, ಉದ್ದ 65 ಸೆಂ.ಮೀ. ಅಂತ ಬರೆದಿದ್ದಾರೆ. ಯಾವುದು ಸರಿ?

ನಾಲೆಬದಿ:

ಆ 65 ಸೆಂ.ಮೀ. ರಾಡು ಬೇಡ ಅಣ್ಣ. ಅದು ಕೆಟ್ಟ ಮಾಲು ಅಂತಲ್ಲ, ಅದರ ಕೆಲಸವೇ ಬೇರೆ. ಕೆನಡಾ, ಫಿನ್‌ಲ್ಯಾಂಡ್ ಥರದ ದೇಶಗಳಲ್ಲಿ ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟುತ್ತೆ. ಮಂಜುಗಡ್ಡೆಗೆ ಬೈರಿಗೆಯಲ್ಲಿ ಒಂದು ಗೇಣಗಲದ ತೂತು ಕೊರೆದು, ಅದರ ಪಕ್ಕ ಕೂತು ದಾರವನ್ನು ನೇರ ಕೆಳಕ್ಕೆ ಬಿಡ್ತಾರೆ. ಎಸೆಯೋ ಮಾತೇ ಇಲ್ಲ, ಅದಕ್ಕೇ ರಾಡು ಗಿಡ್ಡ. ಜೊತೆಗೆ ಬರೋ ರೀಲೂ ಚಿಕ್ಕದು, ಸಣ್ಣ ದಾರದ್ದು. ಕೆರೆ ಏರಿ ಮೇಲೆ ನಿಂತು ಅದರಲ್ಲಿ ಎಸೆದರೆ ಹಿಟ್ಟಿನ ಉಂಡೆ ಕಾಲಬುಡದ ಜೊಂಡು ದಾಟಲ್ಲ. ತೆಪ್ಪದಲ್ಲಿ ಕೂತು ನೇರ ಇಳಿಬಿಡೋರಿಗೆ ಆಗಬಹುದು, ದಡದೋರಿಗಲ್ಲ.

ದಡಕ್ಕೆ 7ರಿಂದ 8 ಅಡಿ ರಾಡು, 3000 ಅಥವಾ 4000 ನಂಬರಿನ (ಇದು ಗಾತ್ರ, ಬೆಲೆಯಲ್ಲ) ಸ್ಪಿನ್ನಿಂಗ್ ರೀಲು. ದುಡ್ಡು ಹೀಗೆ ಹಂಚಿ: ರೀಲಿಗೆ 2,000, ರಾಡಿಗೆ 1,200, ದಾರಕ್ಕೆ 400, ಉಳಿದದ್ದು ಗಾಳ, ಸೀಸ, ಸ್ವಿವೆಲ್‌ಗೆ (ದಾರ ಹುರಿಗೊಳ್ಳದಂಗೆ ತಿರುಗೋ ಕೊಂಡಿ). ಹೊಸಬರು ಇದನ್ನೇ ತಲೆಕೆಳಗು ಮಾಡ್ತಾರೆ. ರಾಡು ಸುಮಾರಾಗಿದ್ದರೂ ಮೀನು ಬರುತ್ತೆ. ರೀಲಿನ ಡ್ರ್ಯಾಗ್ (ಮೀನು ಜಗ್ಗಿದಾಗ ದಾರ ಹದವಾಗಿ ಬಿಡೋ ಬ್ರೇಕು) ಕೈಕೊಟ್ಟರೆ ಮೂರು ಕೆ.ಜಿ. ಗೆಂಡೆ ಮೊದಲ ಓಟದಲ್ಲೇ ದಾರ ಕಿತ್ತುಕೊಂಡು ಹೋಗುತ್ತೆ.

ರೀಲನ್ನು ಕೈಯಲ್ಲಿ ಹಿಡಿಯದೆ ತಗೋಬೇಡಿ. ಕೌಂಟರಿನಲ್ಲೇ ಇಷ್ಟು ನೋಡಿ. ಹಿಡಿ ನಿಧಾನಕ್ಕೆ ತಿರುಗಿಸಿ, ಹಲ್ಲು ಕಡಿದಂಗೆ ಕರಕರ ಅಂದರೆ ಗೇರ್ ಸರಿಯಿಲ್ಲ. ಹಿಡಿಯನ್ನು ಹಿಂದಕ್ಕೆ ಒತ್ತಿ. ತಕ್ಷಣ ನಿಲ್ಲಬೇಕು, ಕಾಲು ಸುತ್ತು ಹಿಂದೆ ಹೋಗಿ ನಿಂತರೆ ಗಾಳ ಕಚ್ಚಿಸೋ ಎಳೆತ ಪೋಲು. ದಾರ ಹಾಯೋ ಪುಟ್ಟ ರೋಲರನ್ನು ಬೆರಳಲ್ಲಿ ತಿರುಗಿಸಿ. ಬಹಳ ಜನ ಇದನ್ನ ನೋಡೋದೇ ಇಲ್ಲ, ಆದರೆ ಅದು ಸಿಕ್ಕಿಕೊಂಡಿದ್ದರೆ ದಾರ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಸವೆಯುತ್ತೆ. ಕೊನೆಗೆ ಅಂಗಡಿಯವರ ಹತ್ತಿರ ಒಂದು ಮಾರು ದಾರ ಸುತ್ತಿಸಿ, ಡ್ರ್ಯಾಗ್ ಅರ್ಧ ಬಿಗಿ ಮಾಡಿ ಎಳೆಯಿರಿ. ಎಣ್ಣೆ ಸುರಿದಂಗೆ ಸಮನಾಗಿ ಬಿಡಬೇಕು. ತಡೆದು, ಜಗ್ಗಿ, ಮತ್ತೆ ತಡೆದರೆ ವಾಪಸ್ ಇಡಿ.

ಡಬ್ಬದ ಮೇಲೆ '13+1 ಬೇರಿಂಗ್' ಅಂತ ಇದ್ದರೆ ಅದಕ್ಕೆ ಬೆಲೆ ಕೊಡಬೇಡಿ. ನಾಲ್ಕು ಒಳ್ಳೆ ಬೇರಿಂಗ್ ಇರೋ ರೀಲು ಹದಿಮೂರು ಕಳಪೆ ಬೇರಿಂಗಿಗಿಂತ ವಾಸಿ.

ಸೀಸದಗುಂಡು:

ವಸ್ತುಪ್ರದರ್ಶನದ ವಿಷಯ. ಕೊನೆ ವಾರದಲ್ಲಿ ಚೌಕಾಸಿಗೆ ಬಗ್ಗೋದು ನಿಜ, ಉಳಿದ ಮಾಲು ಕಟ್ಟಿಕೊಂಡು ವಾಪಸ್ ಹೋಗೋದಕ್ಕಿಂತ ಮಾರೋದು ಅವರಿಗೂ ಲೇಸು. ಆದರೆ ರೀಲಿಗೆ ಅದು ಜಾಗವಲ್ಲ. ದೊಡ್ಡಕೆರೆ ಮೈದಾನದಿಂದ ಸ್ಟಾಲ್ ಎದ್ದ ಮೇಲೆ ಡ್ರ್ಯಾಗ್ ಕೆಟ್ಟರೆ ಯಾರನ್ನ ಕೇಳ್ತೀರಿ? ಅಲ್ಲಿ ಮಡಿಸೋ ಕುರ್ಚಿ, ತಲೆಗೆ ಕಟ್ಟೋ ಟಾರ್ಚು, ದೊಡ್ಡ ಛತ್ರಿ ಇಂಥವು ಸಿಕ್ಕರೆ ಕೇಳಿ. ಕೆಟ್ಟರೂ ಮೀನು ತಪ್ಪಲ್ಲ.

ಗಾಳದ ಸಾಮಾನು ಅಂತ ಹಣೆಪಟ್ಟಿ ಬಿದ್ದರೆ ಎಲ್ಲದಕ್ಕೂ ರೇಟು ಏರುತ್ತೆ. ಮಣಿ, ಗುಂಡಿ ಹಾಕಿಡೋ ಖಾನೆಗಳ ಪ್ಲಾಸ್ಟಿಕ್ ಡಬ್ಬಿಯೇ ಟ್ಯಾಕಲ್ ಬಾಕ್ಸ್ (ಗಾಳ, ಸೀಸ ಇಡೋ ಡಬ್ಬಿ) ಆಗುತ್ತೆ. ಉದ್ದ ಮೂತಿಯ ಇಕ್ಕಳ ಹಾರ್ಡ್‌ವೇರ್ ಅಂಗಡಿಯಲ್ಲಿ ತಗೊಳ್ಳಿ. ಗಾಳವನ್ನು ಹತ್ತರ ಪ್ಯಾಕೆಟ್ಟಿನಲ್ಲಿ ಬೇಡ, ಬಲೆ ಮಾರೋ ಅಂಗಡಿಯಲ್ಲಿ ನೂರರ ಡಬ್ಬಿ ಕೇಳಿ. ನಂಬರ್ ದೊಡ್ಡದಾದಷ್ಟು ಗಾಳ ಚಿಕ್ಕದು, ಇದು ನೆನಪಿರಲಿ. ರೋಹು, ಗೆಂಡೆಗೆ 4 ಅಥವಾ 6, ಜಿಲೇಬಿಗೆ 8ರಿಂದ 10. ತುದಿಯನ್ನು ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆಯಿರಿ. ಗೀರು ಬಿದ್ದರೆ ಚೂಪಿದೆ, ಜಾರಿದರೆ ಮೊಂಡು.

ಕೆರೆಏರಿ_ಮಂಡ್ಯ:

ತುಂಬಾ ಉಪಕಾರ ಆಯ್ತು. ಇನ್ನೆರಡು. ದಾರ ಯಾವುದು? ಮತ್ತೆ ಮಂಗಳೂರಿನವರೊಬ್ಬರು ಒಳ್ಳೆ ಬ್ರ್ಯಾಂಡಿನ ಬಳಸಿದ ರೀಲು 1,200ಕ್ಕೆ ಕೊಡ್ತೀನಿ ಅಂತಿದ್ದಾರೆ. ತಗೋಬಹುದಾ?

ಏಳೆಳೆ:

ಮೊದಲು ದಾರ. ನೈಲಾನ್ ಮೋನೊ (ಒಂಟಿ ಎಳೆಯದ್ದು), 0.30ರಿಂದ 0.35 ಮಿ.ಮೀ. ಹೆಣೆದ ದಾರ ಈಗಲೇ ಬೇಡ. ಅದು ಹಿಗ್ಗಲ್ಲ, ಹೊಸ ಕೈಯಲ್ಲಿ ಮೀನಿನ ಬಾಯಿ ಹರಿಯುತ್ತೆ. ಅಗ್ಗದ್ದರಲ್ಲಿ ಬಣ್ಣವೂ ಬಿಡುತ್ತೆ.

ದಾರದಲ್ಲೇ ಮೋಸ ಜಾಸ್ತಿ. ಚೀಟಿ ಮೇಲೆ 0.30 ಅಂತ ಇರುತ್ತೆ, ಒಳಗೆ 0.38. ದಪ್ಪಗಿದ್ದಿದ್ದಕ್ಕೆ ಅದು 'ಗಟ್ಟಿ'. ದಪ್ಪ ದಾರ ದೂರ ಹೋಗಲ್ಲ, ಸ್ಪೂಲಿನಿಂದ (ರೀಲಿನಲ್ಲಿ ದಾರ ಸುತ್ತಿಕೊಳ್ಳೋ ಉರುಳೆ) ಸ್ಪ್ರಿಂಗಿನಂಗೆ ಎದ್ದು ಬರುತ್ತೆ. ಲೇತ್ ವರ್ಕ್‌ಶಾಪಿನಲ್ಲಿ ಸ್ಕ್ರೂ ಗೇಜ್ ಇರುತ್ತೆ, ಒಂದು ತುಂಡು ಅಳೆಸಿ ನೋಡಿದರೆ ಗೊತ್ತಾಗುತ್ತೆ. ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಿದ ಸುರುಳಿ ತಗೋಬೇಡಿ, ಬಿಸಿಲು ನೈಲಾನನ್ನು ಕೊಲ್ಲುತ್ತೆ. ತುಂಡು ಒದ್ದೆ ಮಾಡಿ ಗಂಟು ಹಾಕಿ ಜಗ್ಗಿ. ಹಳೇ ದಾರ ಪಟ್ ಅಂತ ಗಂಟಲ್ಲೇ ಹೋಗುತ್ತೆ.

ಲಾಭ ಇರೋದು 500 ಮೀಟರ್ ಸುರುಳಿಯಲ್ಲಿ. ರೀಲಿಗೆ ಎಷ್ಟು ಹಿಡಿಯುತ್ತೆ ಅಂತ ಸ್ಪೂಲಿನ ಮೇಲೇ ಬರೆದಿರುತ್ತೆ. ಅಡಿಗೆ ಹಳೇ ದಾರ ಸುತ್ತಿ, ಮೇಲಿನ 100 ಮೀಟರ್ ಮಾತ್ರ ಹೊಸದು ಹಾಕಿದರೆ ಒಂದು ಸುರುಳಿ ನಾಲ್ಕೈದು ಸಲ ಬರುತ್ತೆ. ಸುತ್ತುವಾಗ ಸುರುಳಿಯನ್ನು ನೆಲದ ಮೇಲೆ ಚಪ್ಪಟೆ ಮಲಗಿಸಿ, ದಾರ ಒದ್ದೆ ಬಟ್ಟೆಯಲ್ಲಿ ಹಾಯಲಿ. ಹತ್ತು ಸುತ್ತಾದ ಮೇಲೆ ಸಡಿಲ ಬಿಟ್ಟು ನೋಡಿ. ಹುರಿಗೊಂಡರೆ ಸುರುಳಿಯನ್ನು ಮಗುಚಿ ಹಾಕಿ. ಸ್ಪೂಲಿನ ಅಂಚಿಗೆ 2 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ಅಂಚಿನ ತನಕ ತುಂಬಿದರೆ ಎಸೆದಾಗ ಗೊಂಚಲು ಗೊಂಚಲಾಗಿ ಬರುತ್ತೆ, ಕಮ್ಮಿ ಇದ್ದರೆ ದೂರ ಹೋಗಲ್ಲ.

ಮಂಗಳೂರಿನ ರೀಲು ಕಡಲಲ್ಲಿ ಬಳಸಿದ್ದೋ, ಹೊಳೆಯಲ್ಲೋ ಅಂತ ಮೊದಲು ಕೇಳಿ. ಉಪ್ಪುನೀರು ಹೊರಗೆ ಕಾಣಲ್ಲ. ಸ್ಪೂಲ್ ಕಳಚಿದ ಫೋಟೋ ತರಿಸಿ. ಸ್ಕ್ರೂ ಸುತ್ತ ಬಿಳಿ ಪುಡಿ ಅಥವಾ ಹಸಿರು ಕಂಡರೆ ಬೇಡ. ರಾಡಿಗೆ ಕೂರೋ ಪಾದ ಬಾಗಿದೆಯಾ ನೋಡಿ. ಅದು ಬಾಗಿದ್ದರೆ ರೀಲು ಒಮ್ಮೆ ಬಿದ್ದಿದೆ ಅಂತ. ಶುದ್ಧವಾಗಿದ್ದರೆ ತಗೊಳ್ಳಿ, ಬ್ರ್ಯಾಂಡ್ ರೀಲಿಗೆ ಬೇಲ್ (ದಾರ ಹಿಡಿದು ಸುತ್ತಿಸೋ ತಂತಿ) ಸ್ಪ್ರಿಂಗ್, ಹಿಡಿ ಹುಡುಕಿದರೆ ಸಿಗುತ್ತೆ. ಹೆಸರಿಲ್ಲದ ಹೊಸ ರೀಲಿಗಿಂತ ಇದೇ ಮೇಲು.

ನಾಲೆಬದಿ:

ರಾಡಿನ ಪರೀಕ್ಷೆ ಹೇಳೋದು ಬಿಟ್ಟಿದ್ದೆ. ಚೂರು ಹತ್ತಿ ತಗೊಂಡು ಹೋಗಿ, ರಾಡಿನ ಮೇಲೆ ದಾರ ಹಾಯೋ ಪ್ರತಿ ಉಂಗುರದ ಒಳಗೆ ಸುತ್ತಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಕಣ್ಣಿಗೆ ಕಾಣದ ಆ ಬಿರುಕೇ ಬ್ಲೇಡಿನಂಗೆ ದಾರ ಕುಯ್ಯುತ್ತೆ. ಎರಡು ತುಂಡಿನ ರಾಡು ಜೋಡಿಸಿ ಅಲ್ಲಾಡಿಸಿ, ಕೀಲಲ್ಲಿ ಟಕ್ ಟಕ್ ಅನ್ನಬಾರದು. ಒಳಗೆ ತೂರೋ ಟೆಲಿಸ್ಕೋಪಿಕ್ ರಾಡು ಬಸ್ಸಿನಲ್ಲಿ ಒಯ್ಯೋಕೆ ಸುಲಭ, ಆದರೆ ಕೆರೆ ಮರಳು ಒಳಗೆ ಹೋದರೆ ಕಚ್ಚಿಕೊಳ್ಳುತ್ತೆ. ಪ್ರತಿ ಸಲ ಒರೆಸಿಯೇ ಮಡಿಸಬೇಕು.

ಮೊದಲ ರಾಡು ಫೈಬರ್ ಗ್ಲಾಸಿನದ್ದೇ ಇರಲಿ. ಭಾರ ಹೆಚ್ಚು, ಆದರೆ ಪೆಟ್ಟು ತಡೆಯುತ್ತೆ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತೆ. ನಮ್ಮ ಕಡೆ ನಾಲೆ, ಕೆರೆ ಏರಿ ಮೇಲೆಲ್ಲಾ ಪಂಪ್‌ಸೆಟ್ ಲೈನ್ ಜೋತುಬಿದ್ದಿರುತ್ತೆ. ಒದ್ದೆಯಾದರೆ ಯಾವ ರಾಡಾದರೂ ಅಪಾಯವೇ, ಲೈನಿನ ಕೆಳಗೆ ನಿಂತು ಎಸೆಯಲೇಬೇಡಿ.

ಸೀಸದಗುಂಡು:

ಕೆರೆ ಹರಾಜಾಗಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಿ. ರಂಗನತಿಟ್ಟು ಪಕ್ಷಿಧಾಮದಲ್ಲಿ ಮೀನು ಹಿಡಿಯೋ ಹಾಗಿಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯಲ್ಲಿ ಮೊಸಳೆ ಇದೆ, ಸಿಕ್ಕಿಕೊಂಡ ಗಾಳ ಬಿಡಿಸೋಕೆ ಅಂತ ನೀರಿಗೆ ಇಳಿಯಬೇಡಿ, ದಾರ ಕತ್ತರಿಸಿ.

ಕೆರೆಏರಿ_ಮಂಡ್ಯ:

ಸರಿ ಅಣ್ಣ. ಮನೇಲಿ ಡ್ರ್ಯಾಗ್ ಎಷ್ಟು ಬಿಗಿ ಮಾಡೋದು ಅಂತ ಅಳೆಯೋದು ಹೆಂಗೆ?

ಏಳೆಳೆ:

ದಾರ ತಾಳೋ ಭಾರದ ಕಾಲು ಭಾಗ. 6 ಕೆ.ಜಿ. ದಾರಕ್ಕೆ ಒಂದೂವರೆ ಕೆ.ಜಿ. ಒಂದೂವರೆ ಲೀಟರ್ ಬಾಟ್ಲಿಗೆ ನೀರು ತುಂಬಿ, ರೀಲಿನಿಂದ ನೇರ ಬರೋ ದಾರಕ್ಕೆ ಕಟ್ಟಿ, ರಾಡಿನ ಉಂಗುರಗಳಲ್ಲಿ ಪೋಣಿಸದೆ ರೀಲನ್ನಷ್ಟೇ ಮೇಲೆತ್ತಿ. ಬಾಟ್ಲಿ ನೆಲ ಬಿಡುತ್ತಿದ್ದಂಗೆ ದಾರ ನಿಧಾನಕ್ಕೆ ಜಾರೋ ಹಾಗೆ ಡ್ರ್ಯಾಗ್ ಗುಂಡಿ ತಿರುಗಿಸಿ. ಮನೆಗೆ ಬಂದ ಮೇಲೆ ಗುಂಡಿ ಪೂರ್ತಿ ಸಡಿಲ ಮಾಡಿಡಿ, ಬಿಗಿಯಾಗೇ ಬಿಟ್ಟರೆ ಒಳಗಿನ ಫೆಲ್ಟ್ ವಾಷರ್ ಚಪ್ಪಟೆಯಾಗಿ ಮುಂದಿನ ಸಲ ಜಗ್ಗಿ ಜಗ್ಗಿ ಬಿಡುತ್ತೆ.