ಬೇಲಿಯ ಪುಟ್ಟ ಹಾಗಲಕಾಯಿ ತಿನ್ನಲು ಯೋಗ್ಯವೇ?

ಪ್ರಶ್ನೆ: ಸಾಗರದ ಬಳಿಯ ನಮ್ಮ ತೋಟದ ಬೇಲಿಯಲ್ಲಿ ತಾನಾಗಿ ಹುಟ್ಟಿದ ಬಳ್ಳಿಯೊಂದು ಹೆಬ್ಬೆರಳುದ್ದದ, ಮೈತುಂಬ ಗಂಟುಗಳಿರುವ ಕಾಯಿಗಳನ್ನು ಬಿಟ್ಟಿದೆ. ಇದು ಮಡಹಾಗಲವೇ? ಸಕ್ಕರೆ ಕಾಯಿಲೆಯಿರುವ ತಂದೆಯವರಿಗೆ ಇದರ ರಸವನ್ನು ಕೊಡಬಹುದೇ?

ಉತ್ತರ 1: ಕಾಯಿ ಕಡುಕಹಿಯಾಗಿದ್ದು, ಹಣ್ಣಾದಾಗ ಕಿತ್ತಳೆ ಬಣ್ಣಕ್ಕೆ ತಿರುಗಿ, ತುದಿಯಿಂದ ಮೂರು ಸೀಳಾಗಿ ಬಿರಿದು, ಕೆಂಪು ತಿರುಳು ಹೊದ್ದ ಬೀಜಗಳನ್ನು ತೋರಿದರೆ ಅದು ನಾವು ಬೆಳೆಯುವ ಹಾಗಲದ್ದೇ ಕಾಡು ರೂಪ, ಅದರಲ್ಲಿ ಗಂಡು ಹೂವೂ ಹೆಣ್ಣು ಹೂವೂ ಒಂದೇ ಬಳ್ಳಿಯಲ್ಲಿರುತ್ತವೆ. ಮಡಹಾಗಲದಲ್ಲಾದರೋ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಅದು ನೆಲದಡಿಯ ಗೆಡ್ಡೆಯಿಂದ ಮಳೆಗಾಲದಲ್ಲಿ ಚಿಗುರುತ್ತದೆ, ಕಾಯಿಯ ಕಹಿಯೂ ಬಹಳ ಕಡಿಮೆ.

ಉತ್ತರ 2: ತಂದೆಯವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ರಸವನ್ನು ದಯವಿಟ್ಟು ಕೊಡಬೇಡಿ. ಹಾಗಲಕ್ಕೂ ಸಕ್ಕರೆಯನ್ನು ಇಳಿಸುವ ಗುಣವಿರುವುದರಿಂದ, ಎರಡೂ ಸೇರಿದಾಗ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮಾತ್ರೆಯ ಜೊತೆಗೆ ಬರಿಹೊಟ್ಟೆಯಲ್ಲಿ ರಸ ಕುಡಿದ ನನ್ನ ತಾಯಿಯವರು ಬೆವೆತು, ಕೈ ನಡುಗಿ, ಕುಳಿತಲ್ಲೇ ಒರಗಿದ್ದನ್ನು ನಾನು ಕಂಡಿದ್ದೇನೆ. ಗರ್ಭಿಣಿಯರಿಗೂ ಈ ರಸ ಬೇಡ.

ಉತ್ತರ 3: ಅಡುಗೆಗಾದರೆ ಎಳೆಯ ಕಾಯನ್ನೇ ಆರಿಸಿಕೊಳ್ಳಿ. ಬಿಲ್ಲೆಗಳಿಗೆ ಉಪ್ಪು ಸವರಿ, ಅರ್ಧ ಗಂಟೆ ಬಿಟ್ಟು, ನೀರನ್ನು ಹಿಂಡಿ ತೆಗೆದು ಗೊಜ್ಜು ಮಾಡಿದರೆ, ಹುಣಸೆ ಬೆಲ್ಲಗಳ ನಡುವೆ ಉಳಿಯುವ ಆ ಹದವಾದ ಕಹಿಯೇ ಅನ್ನಕ್ಕೆ ರುಚಿ. ತಂದೆಯವರ ಪಾಲಿಗೆ ಬೆಲ್ಲ ಹಾಕದ ಪಲ್ಯ ಮಾಡಿ.