ಪದಚರ್ಚೆ: ತಾಮ್ರ ಕವಚದ ಗುಂಡೋ, ತಾಮ್ರ ಲೇಪದ ಗುಂಡೋ?

ಪ್ರಶ್ನೆ: .22 ರೈಫಲ್ ಕಲಿಯುವವರಿಗಾಗಿ ಒಂದು ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಅದರಲ್ಲಿ ‘ಕಾಪರ್ ಪ್ಲೇಟೆಡ್’ ಎಂಬುದಕ್ಕೆ ‘ತಾಮ್ರ ಕವಚದ ಗುಂಡು’ ಎಂದೂ ‘ಲೆಡ್’ ಎಂಬುದಕ್ಕೆ ‘ಸೀಸದ ಗುಂಡು’ ಎಂದೂ ಹಾಕಿದ್ದೇವೆ. ಸರಿಯೇ? ಯಾವುದನ್ನು ಯಾವಾಗ ಕೊಳ್ಳಬೇಕೆಂಬುದೂ ಓದುಗರಿಗೆ ತಿಳಿಯಬೇಕು.

ಉತ್ತರ: ದಯವಿಟ್ಟು ‘ಕವಚ’ ಬೇಡ. ಕವಚ ಎಂದರೆ ಜಾಕೆಟ್: ಸೀಸದ ತಿರುಳಿನ ಮೇಲೆ ಕೂರಿಸಿದ ದಪ್ಪ ಲೋಹದ ಅಂಗಿ. .22 ಮ್ಯಾಗ್ನಮ್, .17 ಎಚ್‌ಎಂಆರ್ ತೋಟಾಗಳಲ್ಲಿ ಅಂಥ ಗುಂಡು ಸಾಮಾನ್ಯ. ಆ ಪದ ಅಲ್ಲಿಗೆ ಬೇಕು. ನಿಮ್ಮ ಓದುಗರು ಬಳಸುವ ‘.22 ಲಾಂಗ್ ರೈಫಲ್’ ಎಂಬ ತೋಟಾದಲ್ಲಿ ಇರುವುದು ವಿದ್ಯುತ್ತಿನಿಂದ ಕೂರಿಸಿದ, ಕೂದಲೆಳೆಗಿಂತ ತೆಳುವಾದ ಪದರ. ‘ತಾಮ್ರ ಲೇಪದ ಗುಂಡು’ ಎನ್ನಿ. ಚಿನ್ನದ ನೀರು ಹಾಕಿಸಿದ ಒಡವೆ ಎನ್ನುವ ಹಾಗೆ ‘ತಾಮ್ರದ ನೀರು ಹಾಕಿದ ಗುಂಡು’ ಎಂದರಂತೂ ಪದರ ಎಷ್ಟು ತೆಳುವೆಂದು ಓದುಗರಿಗೆ ತಕ್ಷಣ ಹೊಳೆಯುತ್ತದೆ. ಒಳಗೆ ಎರಡೂ ಸೀಸವೇ ಆದ್ದರಿಂದ ಇನ್ನೊಂದನ್ನು ‘ಬರಿ ಸೀಸದ ಗುಂಡು’ ಎಂದು ಬಿಡಿಸಿ ಹೇಳಿ. ಹಾರಿಹೋಗುವುದು ಮಾತ್ರ ಗುಂಡು. ಹಿತ್ತಾಳೆಯ ಕೊಳವೆ, ಮದ್ದು, ಗುಂಡು ಎಲ್ಲ ಸೇರಿದ್ದು ತೋಟಾ. ‘ಐವತ್ತು ಗುಂಡಿನ ಪೆಟ್ಟಿಗೆ’ ಎಂದು ಬರೆಯಬೇಡಿ. ‘ರಿಮ್‌ಫೈರ್’ ಹಾಗೆಯೇ ಇರಲಿ. ಬೇರೆ ಕೇಪು ಇಲ್ಲದೆ, ಸಿಡಿಯುವ ಮಿಶ್ರಣ ತೋಟಾದ ಬುಡದ ಅಂಚಿನೊಳಗೇ ಇರುತ್ತದೆಂದು ಒಮ್ಮೆ ವಿವರಿಸಿದರೆ ಸಾಕು.

ಇನ್ನು ಆಯ್ಕೆ. .22 ಲಾಂಗ್ ರೈಫಲ್ ತೋಟಾದಲ್ಲಿ ಗುಂಡಿನ ಹಿಂಭಾಗ ಮಾತ್ರ ಕಿರಿದಾಗಿ ಹಿತ್ತಾಳೆಯೊಳಗೆ ಸೇರಿರುತ್ತದೆ. ಹೊರಗಿನ ಭಾಗ ಹಿತ್ತಾಳೆಯಷ್ಟೇ ದಪ್ಪ. ಹಾಗಾಗಿ ಬರಿ ಸೀಸಕ್ಕೆ ಬಳಿದ ಮೇಣ ಅಥವಾ ಗ್ರೀಸ್ ಹೊರಗೇ ಉಳಿಯುತ್ತದೆ. ಜೇಬಿನಲ್ಲಿ ಬಿಡಿಯಾಗಿ ಹಾಕಿಕೊಂಡರೆ ಧೂಳು, ನೂಲು ಅಂಟುತ್ತದೆ, ಬೇಸಿಗೆಯ ಕಾರಿನಲ್ಲಿಟ್ಟರೆ ಮೇಣ ಮೆತ್ತಗಾಗುತ್ತದೆ, ಮೃದು ತುದಿ ಮ್ಯಾಗಜೀನ್‌ನಿಂದ (ಕೋವಿಗೆ ತೋಟಾ ಒದಗಿಸುವ ಡಬ್ಬಿಯಿಂದ) ನಳಿಗೆಗೆ ಏರುವಾಗ ತರಚಿಕೊಳ್ಳುತ್ತದೆ. ಲೇಪದ ಗುಂಡಿಗೆ ಈ ಕಾಟ ಕಡಿಮೆ. ಪ್ರತಿ ಹೊಡೆತದ ನಂತರ ತಾನೇ ಮುಂದಿನ ತೋಟಾ ಏರಿಸಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಕೋವಿಯಲ್ಲಿ ಸರಾಗವಾಗಿ ಏರುತ್ತದೆ, ಹೆಚ್ಚು ವೇಗದಲ್ಲೂ ನಳಿಗೆಗೆ ಸೀಸ ಮೆತ್ತುವುದು ಕಡಿಮೆ.

ಆದರೆ ಗುರಿಗೆ ಬರಿ ಸೀಸವೇ ಮೇಲು. ಸ್ಪರ್ಧೆಗೆಂದೇ ಮಾಡಿದ ತೋಟಾ, ಉದಾಹರಣೆಗೆ ಈಲಿ ಟೆನೆಕ್ಸ್, 40 ಗ್ರೇನ್ ಅಂದರೆ ಸುಮಾರು 2.6 ಗ್ರಾಮಿನ ಬರಿ ಸೀಸದ ಗುಂಡು. ವೇಗ ಸೆಕೆಂಡಿಗೆ ಸುಮಾರು 330 ಮೀಟರ್, ಶಬ್ದದ ವೇಗಕ್ಕಿಂತ ಕೆಳಗೆ. ಲೇಪದವು ಹೆಚ್ಚಾಗಿ 375 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತವೆ. 50 ಮೀಟರ್ ತಲುಪುವ ಹೊತ್ತಿಗೆ ಅವು ಶಬ್ದದ ವೇಗದ ಗಡಿಯಲ್ಲಿ ಇಳಿಯುತ್ತಿರುತ್ತವೆ. ಅಲ್ಲೇ ಗುಂಡು ಕದಲಿ ಗುಂಪು, ಅಂದರೆ ಗುರಿಹಲಗೆಯ ಮೇಲೆ ಬಿದ್ದ ತೂತುಗಳ ಗೊಂಚಲು, ಹರಡುವುದು. ಗುಂಪು ಕೆಟ್ಟರೆ ತಪ್ಪನ್ನೆಲ್ಲ ತಾಮ್ರದ ತಲೆಗೆ ಕಟ್ಟುವವರಿದ್ದಾರೆ. ಬಹುಪಾಲು ಕಾರಣ ವೇಗ. 50 ಮೀಟರ್ ಗುರಿಹಲಗೆಯ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್ ಮಾತ್ರ, ಅಲ್ಲಿ ಇಷ್ಟು ಅಲುಗಾಟವೂ ಅಂಕ ಕಳೆಯುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮ ಕೂಡ ಸೀಸ ಅಥವಾ ಅಂಥದೇ ಮೃದು ವಸ್ತುವಿನ ಗುಂಡನ್ನೇ ಕೇಳುತ್ತದೆ. ಅದನ್ನು ಓದಿದ ಸ್ಪರ್ಧಿಗೆ ನಿಮ್ಮ ‘ಕವಚ’ ಬೇಡದ ಗೊಂದಲ ತಂದೀತು.

ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗ ಹಳೆಯ ಮೇಣ ನಳಿಗೆಯಲ್ಲಿ ಉಳಿದಿರುತ್ತದೆ. ಒರೆಸಿ, ಹೊಸ ತೋಟಾ ಹತ್ತಿಪ್ಪತ್ತು ಹಾರಿಸಿದ ಮೇಲೆ ಬಂದ ಗುಂಪನ್ನೇ ನಂಬಿ. ಒಂದೇ ಹೆಸರಿನ ತೋಟಾ ಎರಡು ಕೋವಿಗಳಲ್ಲಿ ಬೇರೆ ಬೇರೆಯಾಗಿ ವರ್ತಿಸುವುದರಿಂದ ಪೆಟ್ಟಿಗೆಗಟ್ಟಲೆ ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಬೇಕು.

ಕೈಪಿಡಿಯಲ್ಲಿ ಲೇಪದ ಗುಂಡನ್ನು ‘ಸೀಸರಹಿತ’ ಎಂದು ಎಲ್ಲೂ ಕರೆಯಬೇಡಿ. ಬೆರಳಿಗೆ ಹತ್ತುವ ಸೀಸ ಕಡಿಮೆ, ನಿಜ. ಆದರೆ ಅಂಚಿನ ಸಿಡಿಮಿಶ್ರಣದಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತದೆ. ಹೊಗೆಯಲ್ಲಿ ಅದು ಹೊರಬರುತ್ತದೆ. ಯಾವ ಗುಂಡೇ ಆಗಲಿ, ಒಳಾಂಗಣದಲ್ಲಿ ಗಾಳಿ ಆಡಬೇಕು, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು.